ಹದಿನೇಳರ ಹೆಗಲ ಮೇಲೆ ಊರ ಮಾನ

ಪ್ಲೇಆಫ್ ವಾರದಲ್ಲಿ ಟೆಕ್ಸಸ್ಸಿನ ಯಾವ ಸಣ್ಣ ಊರಿಗೆ ಹೋದರೂ ಕಿವಿಗೆ ಬೀಳುವ ಮಾತು ಒಂದೇ: ‘ಇದೆಲ್ಲ ಮಕ್ಕಳಿಗೋಸ್ಕರ.’ ಕಟಿಂಗ್ ಶಾಪಿನ ಗಾಜಿಗೆ ಹೈಸ್ಕೂಲ್ ತಂಡದ ಬಣ್ಣ ಬಳಿದಿರುವುದು ಮಕ್ಕಳಿಗೋಸ್ಕರ. ಅಂಗಡಿ ಮುಂದಿನ ಬೋರ್ಡಿನಲ್ಲಿ ರಿಯಾಯಿತಿ ದರ ಅಳಿಸಿ ಎದುರಾಳಿ ಶಾಲೆಯನ್ನು ಛೇಡಿಸಿ ಬರೆದಿರುವುದು ಮಕ್ಕಳಿಗೋಸ್ಕರ. ಐವತ್ತು ದಾಟಿದ ಗಂಡಸರು ಬೆಳಗಿನ ಕಾಫಿಗೆ ಕೂತು, ಹದಿನಾರರ ಹುಡುಗನೊಬ್ಬನ ಮಂಡಿನೋವು ಶುಕ್ರವಾರದ ಹೊತ್ತಿಗೆ ವಾಸಿಯಾದೀತೇ ಎಂದು ಲೆಕ್ಕ ಹಾಕುವುದೂ ಮಕ್ಕಳಿಗೋಸ್ಕರವೇ. ಶುಕ್ರವಾರ ರಾತ್ರಿ ಆಟ. ಎದುರಿಗಿರುವುದು ಪಕ್ಕದೂರಿನ ಶಾಲೆ; ಅಜ್ಜಂದಿರ ಕಾಲದಿಂದ ಬಂದ ಜಿದ್ದು. ಸೋತವರ ಸೀಸನ್ ಆ ರಾತ್ರಿಗೇ ಮುಗಿಯಿತು.

ಈ ಕಾತರವನ್ನು ಅಮೆರಿಕ ತನ್ನ ಸದ್ಗುಣಗಳ ಲೆಕ್ಕದಲ್ಲಿ ಬರೆದುಕೊಂಡಿದೆ. ಊರು ಒಂದಾಗುತ್ತದೆ, ಹುಡುಗರಿಗೆ ಶಿಸ್ತು ಬರುತ್ತದೆ, ಹಿರಿಯರು ಕಿರಿಯರ ಬೆನ್ನಿಗೆ ನಿಲ್ಲುತ್ತಾರೆ ಎಂದು ಸಿನಿಮಾದವರು ಹೇಳುತ್ತಾರೆ, ಟಿವಿಯವರು ಹೇಳುತ್ತಾರೆ, ವೋಟು ಕೇಳಲು ಬಂದವರೂ ಹೇಳುತ್ತಾರೆ. ನನ್ನ ತಕರಾರು ಈ ನಂಬಿಕೆಯ ಜೊತೆಗೆ. ಗ್ಯಾಲರಿಯಲ್ಲಿ ಕೂತು ಕಾಯುವ ಹಿರಿಯರು ಆ ಹುಡುಗರಿಗೆ ಕೊಡುವುದಕ್ಕಿಂತ ಅವರಿಂದ ಪಡೆಯುವುದೇ ಹೆಚ್ಚು. ಪಡೆಯುವುದೇ ಅಪರಾಧ ಎಂದು ನಾನು ಹೇಳುತ್ತಿಲ್ಲ. ಪಡೆಯುತ್ತಿರುವುದನ್ನು ಕೊಡುಗೆಯೆಂದು ಸಾರುತ್ತಾ, ಕೊಡುಗೆಗೆ ಮಿತಿ ಯಾಕೆ ಎಂದು ಕೇಳುವುದಿದೆಯಲ್ಲ, ಅದನ್ನು ಒಪ್ಪಲಾರೆ.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಇದು ಕೋಲ್ಕತ್ತದ, ಕೇರಳದ ಫುಟ್‌ಬಾಲ್ ಅಲ್ಲ. ಎರಡೂ ತುದಿ ಚೂಪಾದ ಚೆಂಡು, ತಲೆಗೆ ಹೆಲ್ಮೆಟ್, ಭುಜಕ್ಕೆ ದಪ್ಪನೆಯ ಪ್ಯಾಡು. ಚೆಂಡು ಹಿಡಿದು ಓಡುವವನ ಮೈಮೇಲೆ ಬಿದ್ದು ಕೆಡವುವುದೇ ಆಟದ ಜೀವಾಳ. ಅಮೆರಿಕದ ಹೈಸ್ಕೂಲುಗಳಲ್ಲಿ ಸುಮಾರು ಹತ್ತು ಲಕ್ಷ ಹುಡುಗರು ಇದನ್ನು ಆಡುತ್ತಾರೆ. ಆಟ ಚೆನ್ನಾಗಿದೆ. ಒಬ್ಬ ಓಡಲು ಹತ್ತು ಜನ ದಾರಿ ಬಿಡಿಸಿಕೊಡುವ ಆ ಲೆಕ್ಕಾಚಾರ, ಒಂದೊಂದು ಗಜಕ್ಕೂ ಬೀಳುವ ಬೆವರು, ಕೊನೇ ನಿಮಿಷದಲ್ಲಿ ಎಲ್ಲವೂ ತಿರುಗಿಬೀಳುವ ಚಂದ, ಇವನ್ನು ಕಂಡವರು ಇದನ್ನು ಒರಟಾಟ ಎಂದು ತಳ್ಳಿಹಾಕಲಾರರು. ಹುಡುಗರು ಇದನ್ನು ಪ್ರೀತಿಸುವುದರಲ್ಲೂ ಆಶ್ಚರ್ಯವಿಲ್ಲ. ಹುಡುಗರ ಪ್ರೀತಿಯ ಬಗ್ಗೆ ನನಗೆ ಜಗಳವಿಲ್ಲ. ಅವರಪ್ಪಂದಿರ ವಯಸ್ಸಿನವರ ಹಸಿವಿನ ಬಗ್ಗೆ ಇದೆ.

ಈ ಹಸಿವನ್ನು ನೋಡಬೇಕಾದವರು 1988ರ ಒಡೆಸ್ಸಾಕ್ಕೆ ಹೋಗಬೇಕು. ಪಶ್ಚಿಮ ಟೆಕ್ಸಸ್ಸಿನ ಎಣ್ಣೆಬಾವಿಗಳ ನಾಡು. ತೊಂಬತ್ತು ಸಾವಿರದಷ್ಟು ಜನ. 1986ರಲ್ಲಿ ಕಚ್ಚಾ ತೈಲದ ಬೆಲೆ ಕುಸಿದು ಊರಿನ ಬೆನ್ನೆಲುಬೇ ಮುರಿದಿತ್ತು. ಇಪ್ಪತ್ತು ಮೈಲಿ ಆಚೆಗೆ ಮಿಡ್‌ಲ್ಯಾಂಡ್: ತೈಲ ಕಂಪನಿಗಳ ಕಚೇರಿ, ಟೈ ಕಟ್ಟಿದ ಜನ. ಒಡೆಸ್ಸಾದಲ್ಲಿ ಕೈಗೆ ಗ್ರೀಸು ಮೆತ್ತಿಕೊಂಡವರು. ಈ ಎರಡು ಊರುಗಳ ನಡುವಿನ ಹೊಟ್ಟೆಕಿಚ್ಚು, ಕೀಳರಿಮೆ, ತಿರಸ್ಕಾರ ಎಲ್ಲ ವರ್ಷಕ್ಕೊಮ್ಮೆ ಮೈದಾನಕ್ಕೆ ಇಳಿಯುತ್ತಿತ್ತು, ಹೈಸ್ಕೂಲ್ ಹುಡುಗರ ಕಾಲಿನ ಮೇಲೆ. ಒಡೆಸ್ಸಾದ ಪರ್ಮಿಯನ್ ಹೈಸ್ಕೂಲಿನ ಆ ವರ್ಷದ ಕಥೆಯನ್ನು ಪತ್ರಕರ್ತ ಎಚ್. ಜಿ. ಬಿಸಿಂಜರ್ ಅಲ್ಲೇ ಹೋಗಿ ನೆಲೆಸಿ ಬರೆದರು. 1990ರಲ್ಲಿ ‘ಫ್ರೈಡೇ ನೈಟ್ ಲೈಟ್ಸ್’ ಎಂಬ ಹೆಸರಿನಲ್ಲಿ ಬಂದ ಆ ಪುಸ್ತಕ 2004ರಲ್ಲಿ ಸಿನಿಮಾ ಆಯಿತು, 2006ರಿಂದ ಟಿವಿ ಧಾರಾವಾಹಿಯೂ ಆಯಿತು. ತಮಾಷೆ ನೋಡಿ: ಪುಸ್ತಕ ಬಂದಾಗ ಒಡೆಸ್ಸಾದ ಜನ ಎಷ್ಟು ಕೆರಳಿದ್ದರೆಂದರೆ, ಬೆದರಿಕೆ ಬಂದು ಲೇಖಕರು ಅಲ್ಲಿನ ಪುಸ್ತಕದಂಗಡಿಯ ಕಾರ್ಯಕ್ರಮವನ್ನು ರದ್ದು ಮಾಡಬೇಕಾಯಿತು. ಈಗ ಅದೇ ಹೆಸರನ್ನು ದೇಶವೆಲ್ಲ ಈ ಉತ್ಸಾಹದ ಹೊಗಳಿಕೆಗೆ ಬಳಸುತ್ತದೆ. ಪುಸ್ತಕದಲ್ಲಿದ್ದ ಮುಳ್ಳನ್ನು ಕಿತ್ತು ಹೂವನ್ನಷ್ಟೇ ಮುಡಿದುಕೊಂಡರು.

ಆ ವರ್ಷ ಪರ್ಮಿಯನ್ ತಂಡ ಮಿಡ್‌ಲ್ಯಾಂಡ್ ಲೀ ಶಾಲೆಯ ಎದುರು ಒಂದೇ ಅಂಕದಿಂದ ಸೋತಿತು. ಕೋಚ್ ಗ್ಯಾರಿ ಗೇನ್ಸ್ ಮನೆಗೆ ಬಂದು ನೋಡಿದರೆ ಅಂಗಳದ ಹುಲ್ಲಿನಲ್ಲಿ ‘ಮನೆ ಮಾರಾಟಕ್ಕಿದೆ’ ಎಂಬ ಬೋರ್ಡುಗಳನ್ನು ಯಾರೋ ನೆಟ್ಟು ಹೋಗಿದ್ದರು. ಊರು ಬಿಟ್ಟು ಹೋಗು ಎನ್ನುವುದಕ್ಕೆ ಆ ಊರಿನ ಭಾಷೆ ಅದು. ಒಂದು ಅಂಕ! ಅದೇ ಗೇನ್ಸ್ ಮರುವರ್ಷ ರಾಜ್ಯ ಚಾಂಪಿಯನ್ ಪಟ್ಟ ತಂದುಕೊಟ್ಟಾಗ ದೇವರಾದರು. ಹಿರಿಯನೊಬ್ಬನ ಮನೆಯಂಗಳಕ್ಕೆ ಇದು ಬಂದರೆ, ಚೆಂಡು ಕೈಜಾರಿಸಿದ ಹುಡುಗನ ಮನಸ್ಸಿಗೆ ಏನು ಬಂದಿರಬೇಡ? ಸೋಮವಾರ ಅವನು ಅದೇ ಊರಿನ ಪೆಟ್ರೋಲ್ ಬಂಕಿಗೆ, ಅದೇ ಚರ್ಚಿಗೆ, ಅದೇ ತರಗತಿಗೆ ಹೋಗಬೇಕು.

ಸೀಸನ್ ಮುಗಿಯುವ ಹೊತ್ತಿಗೆ ಪರ್ಮಿಯನ್, ಮಿಡ್‌ಲ್ಯಾಂಡ್ ಲೀ, ಮಿಡ್‌ಲ್ಯಾಂಡ್ ಹೈ ಮೂರೂ ಸಮಸಮ. ಪ್ಲೇಆಫ್‌ಗೆ ಹೋಗುವ ಅವಕಾಶ ಇಬ್ಬರಿಗೆ ಮಾತ್ರ. ನಿಯಮದ ಪ್ರಕಾರ ನಾಣ್ಯ ಚಿಮ್ಮಬೇಕು. ಜನ ಮುತ್ತಿಕೊಳ್ಳುತ್ತಾರೆಂದು ಜಾಗವನ್ನು ಗುಟ್ಟಾಗಿಟ್ಟು, ನಡುರಾತ್ರಿ ದಾಟಿದ ಮೇಲೆ ಹೆದ್ದಾರಿ ಬದಿಯ ಲಾರಿ ತಂಗುದಾಣವೊಂದರಲ್ಲಿ ಮೂವರು ಕೋಚುಗಳು ಸೇರಿದರು. ಟಿವಿಯಲ್ಲಿ ನೇರಪ್ರಸಾರ. ಮೂರು ನಾಣ್ಯ ಮೇಲೆ ಹೋದವು. ಮಿಡ್‌ಲ್ಯಾಂಡ್ ಹೈ ಹೊರಬಿತ್ತು. ಆ ಶಾಲೆಯ ಹುಡುಗರು ಆಗಸ್ಟಿನ ಉರಿಬಿಸಿಲಿನಿಂದ ಹರಿಸಿದ ಬೆವರು ಒಂದು ನಾಣ್ಯದ ಮಗ್ಗುಲಿಗೆ ಹೋಯಿತು. ಊರಿನ ಮಾನ, ಪರಂಪರೆ, ಹುಡುಗರ ಶೀಲ ಎಂದೆಲ್ಲ ಭಾಷಣ ಬಿಗಿಯುವವರು ಆ ರಾತ್ರಿ ಮಾಡುತ್ತಿದ್ದುದು ನಾಣ್ಯಕ್ಕಾಗಿ ಪ್ರಾರ್ಥನೆ. ಈ ಪ್ರಸಂಗವನ್ನು ಹೇಳುವವರು ರೋಚಕತೆಗಾಗಿ ಹೇಳುತ್ತಾರೆ. ನನಗೆ ಇದರಲ್ಲಿ ಕಾಣುವುದು ಬೇರೆ: ಇಷ್ಟು ದೊಡ್ಡ ಊರಿನ ಇಷ್ಟು ದೊಡ್ಡ ಆಸೆ ಇಷ್ಟು ಸಣ್ಣ ಸಂಗತಿಗೆ ನೇತುಬಿದ್ದಿರುವಾಗ, ಅದನ್ನು ಇಳಿಸಿ ಎಂದು ಹೇಳುವ ಒಬ್ಬ ಹಿರಿಯನೂ ಇರಲಿಲ್ಲ.

ಕರಾವಳಿಯ ಕೋಳಿ ಅಂಕ ನೋಡಿದವರಿಗೆ ಒಂದು ವಿಷಯ ಗೊತ್ತು. ಅಲ್ಲಿ ಹುಂಜದ ಕಾಲಿಗೆ ಬಾಳು ಕಟ್ಟುವವನು ತಾನು ಹುಂಜವನ್ನು ಪ್ರೋತ್ಸಾಹಿಸುತ್ತಿದ್ದೇನೆ ಎಂದು ಹೇಳುವುದಿಲ್ಲ. ಗೆದ್ದರೆ ತನ್ನ ಮೀಸೆ, ಸೋತರೆ ತನ್ನ ಮುಖಭಂಗ ಎಂದು ಅವನಿಗೂ ಗೊತ್ತು, ಸುತ್ತ ನಿಂತವರಿಗೂ ಗೊತ್ತು. ಆ ಮಟ್ಟಿನ ಪ್ರಾಮಾಣಿಕತೆ ಹೈಸ್ಕೂಲ್ ಫುಟ್‌ಬಾಲ್ ಗ್ಯಾಲರಿಯಲ್ಲಿ ಇಲ್ಲ.

‘ನಾವೂ ಐಪಿಎಲ್ ನೋಡುತ್ತೇವಲ್ಲ, ಸೋತಾಗ ಬೈಯುತ್ತೇವಲ್ಲ’ ಎಂದು ಕೇಳಬಹುದು. ಬೈಯಿರಿ. ಐಪಿಎಲ್ ಆಟಗಾರ ಕೋಟಿಗಳ ಕರಾರಿಗೆ ಸಹಿ ಹಾಕಿ ಬಂದವನು. ಬೈಗುಳ ಅವನ ಸಂಬಳದೊಳಗೇ ಸೇರಿದೆ. ಹೈಸ್ಕೂಲ್ ಹುಡುಗ ಆ ಊರಲ್ಲಿ ಹುಟ್ಟಿದ್ದೇ ಅವನ ಕರಾರು. ಒಹಾಯೊ ರಾಜ್ಯದ ಮ್ಯಾಸಿಲನ್‌ನಲ್ಲಿ ಗಂಡುಮಗು ಹುಟ್ಟಿದರೆ ಆಸ್ಪತ್ರೆಯಲ್ಲೇ ಅದರ ತೊಟ್ಟಿಲಿಗೆ ಪುಟ್ಟದೊಂದು ಫುಟ್‌ಬಾಲ್ ಇಡುತ್ತಾರೆ. ಬೂಸ್ಟರ್ ಕ್ಲಬ್ಬಿನ, ಅಂದರೆ ತಂಡದ ಬೆಂಬಲಿಗರ ಸಂಘದ ಉಡುಗೊರೆ. ಮುದ್ದಾದ ಪದ್ಧತಿ ಎಂದು ಎಲ್ಲರೂ ನಗುತ್ತಾರೆ, ನಾನೂ ನಗಬಲ್ಲೆ. ಆದರೆ ಅದೇ ಊರಿನ ಬಗ್ಗೆ 2001ರಲ್ಲಿ ಬಂದ ‘ಗೋ ಟೈಗರ್ಸ್!’ ಎಂಬ ಸಾಕ್ಷ್ಯಚಿತ್ರದಲ್ಲಿ ಇನ್ನೊಂದು ಪದ್ಧತಿಯೂ ಕಾಣುತ್ತದೆ: ಎಂಟನೇ ತರಗತಿಯ ಹುಡುಗನನ್ನು ಬೇಕೆಂದೇ ಇನ್ನೊಂದು ವರ್ಷ ಅದೇ ತರಗತಿಯಲ್ಲಿ ಕೂರಿಸುವುದು. ಓದಿನಲ್ಲಿ ಹಿಂದೆ ಬಿದ್ದನೆಂದಲ್ಲ, ಆಟಕ್ಕೆ ಇಳಿಯುವ ಹೊತ್ತಿಗೆ ಮೈ ಇನ್ನಷ್ಟು ದಪ್ಪಗಾಗಿರಲಿ ಎಂದು. ಮಗುವಿನ ಒಂದು ವರ್ಷವನ್ನು ಹಿರಿಯರ ಶುಕ್ರವಾರಕ್ಕೆ ಒತ್ತೆ ಇಡುವುದನ್ನು ಯಾವ ಬಾಯಲ್ಲಿ ಬೆಂಬಲ ಎನ್ನುವುದು?

ಇನ್ನು ಒಗ್ಗಟ್ಟಿನ ಮಾತು. ಆಟದ ಹೆಸರಲ್ಲಿ ಊರು ಒಂದಾಗುತ್ತದಂತೆ. ಒಡೆಸ್ಸಾದಲ್ಲಿ ಶಾಲೆಗಳ ವರ್ಣಭೇದ ನಿಜವಾಗಿ ತೊಲಗಿದ್ದು ನ್ಯಾಯಾಲಯ ಹೇಳಿದ ಮೇಲೆ, 1980ರ ದಶಕದಲ್ಲಿ. ಕರಿಯರ ಮತ್ತು ಮೆಕ್ಸಿಕನ್ ಮೂಲದವರ ಮಕ್ಕಳು ಓದುತ್ತಿದ್ದ ಎಕ್ಟರ್ ಹೈಸ್ಕೂಲನ್ನು 1982ರಲ್ಲಿ ಮುಚ್ಚಿ, ಅವರನ್ನು ಉಳಿದೆರಡು ಶಾಲೆಗಳಿಗೆ ಹಂಚಿದರು. ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಎಂದು ಗೆರೆ ಎಳೆಯುವಾಗ ಫುಟ್‌ಬಾಲ್ ಲೆಕ್ಕಾಚಾರವೂ ನಡೆದಿತ್ತೆಂದು ಬಿಸಿಂಜರ್ ಬರೆಯುತ್ತಾರೆ. ಕರಿಯ ಹುಡುಗರು ಒಳ್ಳೆಯ ಓಟಗಾರರು, ನಮ್ಮ ಕಡೆಗೆ ಎಷ್ಟು ಜನ ಬರುತ್ತಾರೆ ಎಂಬ ಲೆಕ್ಕ. 1988ರ ಪರ್ಮಿಯನ್ ತಂಡದ ಬಲುದೊಡ್ಡ ಆಸೆಯಾಗಿದ್ದ ಓಟಗಾರ ಕರಿಯ ಹುಡುಗ. ಸೀಸನ್‌ಗೆ ಮುಂಚಿನ ಅಭ್ಯಾಸ ಪಂದ್ಯದಲ್ಲೇ ಮಂಡಿ ಮುರಿದುಕೊಂಡ. ಓಡಬಲ್ಲ ತನಕ ಊರಿನ ಮಗ. ಓಡಲಾರದ ಮೇಲೆ ಅವನ ಬಗ್ಗೆ ಊರಿನ ಹಿರಿಯರು ಆಡಿದ ಮಾತುಗಳನ್ನು ಪುಸ್ತಕದಲ್ಲಿ ಓದಿದರೆ, ಆ ಒಗ್ಗಟ್ಟಿನ ಆಳ ಎಷ್ಟೆಂದು ತಿಳಿಯುತ್ತದೆ.

ಕಾತರ ಹೆಚ್ಚಿದಷ್ಟೂ ಒಡಕು ಮುಚ್ಚಿಹೋಗುತ್ತದೆ ಎಂಬುದೇ ತಲೆಕೆಳಗಾದ ಮಾತು. 1962ರ ನವೆಂಬರ್ 22, ಥ್ಯಾಂಕ್ಸ್‌ಗಿವಿಂಗ್ ಹಬ್ಬ. ವಾಷಿಂಗ್ಟನ್ ನಗರದ ಹೈಸ್ಕೂಲ್ ಚಾಂಪಿಯನ್ ಯಾರೆಂದು ನಿರ್ಧರಿಸುವ ಆಟ. ಒಂದು ಕಡೆ ಹೆಚ್ಚಾಗಿ ಬಿಳಿಯರೇ ಓದುವ ಕ್ಯಾಥೊಲಿಕ್ ಶಾಲೆ ಸೇಂಟ್ ಜಾನ್ಸ್, ಇನ್ನೊಂದು ಕಡೆ ಹೆಚ್ಚಾಗಿ ಕರಿಯರೇ ಓದುವ ಸರ್ಕಾರಿ ಶಾಲೆ ಈಸ್ಟರ್ನ್. ಹೈಸ್ಕೂಲ್ ಆಟ ನೋಡಲು ಐವತ್ತು ಸಾವಿರ ಜನ! ಈಸ್ಟರ್ನ್ ಸೋತಿತು. ಆಮೇಲೆ ನಡೆದ ಹೊಡೆದಾಟದಲ್ಲಿ ನೂರಾರು ಜನ ಗಾಯಗೊಂಡರು; ಆ ಚಾಂಪಿಯನ್ ಪಂದ್ಯವನ್ನೇ ನಿಲ್ಲಿಸಬೇಕಾಯಿತು. ಜಗಳ ಆ ಆಟದಿಂದ ಹುಟ್ಟಿದ್ದಲ್ಲ, ನಿಜ. ನಗರದ ಬೀದಿಬೀದಿಯಲ್ಲಿ ಇದ್ದದ್ದೇ. ವಾರಗಟ್ಟಲೆ ಕಾದು ಬಿಸಿಯಾದ ಐವತ್ತು ಸಾವಿರ ಜನರನ್ನು ಒಂದೆಡೆ ಕೂರಿಸಿ, ಅವರ ನಡುವಿನ ಹಳೆಯ ಗಾಯವನ್ನೆಲ್ಲ ಇಪ್ಪತ್ತೆರಡು ಹುಡುಗರ ಸೋಲು ಗೆಲುವಿಗೆ ಕಟ್ಟಿದ್ದು ಮಾತ್ರ ಆಟವನ್ನು ಏರ್ಪಡಿಸಿದ ಹಿರಿಯರು.

ಶೀಲ, ಶಿಸ್ತು ಎನ್ನುವವರು ಅದೇ 1988ರ ಪ್ಲೇಆಫ್‌ನ ಇನ್ನೊಂದು ತಂಡದ ಕಥೆಯನ್ನು ಓದಬೇಕು. ಟೆಕ್ಸಸ್ಸಿನಲ್ಲಿ 1984ರಲ್ಲಿ ಒಂದು ಕಾನೂನು ಬಂದಿತ್ತು: ಯಾವುದೇ ಒಂದು ವಿಷಯದಲ್ಲಿ ಫೇಲಾದ ವಿದ್ಯಾರ್ಥಿ ಆರು ವಾರ ಆಟದ ಮೈದಾನಕ್ಕೆ ಇಳಿಯುವಂತಿಲ್ಲ. ಉದ್ಯಮಿ ರಾಸ್ ಪೆರೋ ಮುಂದಾಳತ್ವದ ಸಮಿತಿ ಶಿಫಾರಸು ಮಾಡಿ, ಗವರ್ನರ್ ಮಾರ್ಕ್ ವೈಟ್ ಜಾರಿಗೆ ತಂದದ್ದು. ಫುಟ್‌ಬಾಲ್ ಕೋಚುಗಳು, ಬೂಸ್ಟರ್ ಕ್ಲಬ್ಬುಗಳು ಬುಸುಗುಟ್ಟಿದವು. ವೈಟ್ 1986ರ ಚುನಾವಣೆಯಲ್ಲಿ ಸೋತರು. ತೈಲದ ಕುಸಿತ, ತೆರಿಗೆ ಏರಿಕೆ ಎಂದು ಕಾರಣ ಹಲವಿದ್ದರೂ ಕೋಚುಗಳ ಸಿಟ್ಟೂ ಅದರಲ್ಲೊಂದು ಎಂದು ಅಲ್ಲಿನವರು ಈಗಲೂ ಹೇಳುತ್ತಾರೆ. ಶಿಸ್ತು ಬೇಕು ಎನ್ನುವವರೇ ಶಿಸ್ತಿನ ಕಾನೂನಿಗೆ ಎದುರು ನಿಂತದ್ದು ಇಲ್ಲಿ ಗಮನಿಸಬೇಕಾದ್ದು. ಹನ್ನೊಂದು ವರ್ಷಕ್ಕೆ, 1995ರಲ್ಲಿ, ಆರು ವಾರ ಮೂರು ವಾರಕ್ಕೆ ಇಳಿಯಿತು.

ಪರ್ಮಿಯನ್ ತಂಡವನ್ನು ಸೆಮಿಫೈನಲ್‌ನಲ್ಲಿ 14–9ರಿಂದ ಸೋಲಿಸಿದ್ದು ಡಲ್ಲಾಸಿನ ಕಾರ್ಟರ್ ಹೈಸ್ಕೂಲ್. ಆ ತಂಡದ ಹುಡುಗನೊಬ್ಬ ಬೀಜಗಣಿತದಲ್ಲಿ ಪಾಸೋ ಫೇಲೋ ಎಂಬ ಪ್ರಶ್ನೆ ಶಾಲೆಯಿಂದ ರಾಜ್ಯದ ಶಿಕ್ಷಣ ಇಲಾಖೆಗೆ, ಅಲ್ಲಿಂದ ನ್ಯಾಯಾಲಯಕ್ಕೆ ಹೋಯಿತು. ಒಂದೊಂದು ವಾರವೂ ತಡೆಯಾಜ್ಞೆಯ ಬಲದಲ್ಲಿ ತಂಡ ಆಡಿತು, ಗೆದ್ದಿತು, ರಾಜ್ಯ ಚಾಂಪಿಯನ್ ಆಯಿತು. 1991ರಲ್ಲಿ ಆ ಪಟ್ಟವನ್ನು ಕಿತ್ತುಕೊಂಡರು. ಕಾರ್ಟರ್‌ನ ಕರಿಯ ಕುಟುಂಬಗಳು ಇದರಲ್ಲಿ ಬಿಳಿಯರ ಕೈವಾಡ ಕಂಡವು. ಡಲ್ಲಾಸಿನ ಚರಿತ್ರೆ ಬಲ್ಲವರು ಆ ಅನುಮಾನವನ್ನು ಸುಮ್ಮನೆ ತಳ್ಳಿಹಾಕಲಾರರು. ಆದರೆ ಫೇಲು ಎಂದ ಗಣಿತದ ಮೇಷ್ಟ್ರಿಗೆ ಏನಾಯಿತು ಗೊತ್ತೇ? ಬಿಸಿಂಜರ್ ಬರೆಯುವಂತೆ ಅವರ ಸಂಬಳದ ಏರಿಕೆ ನಿಂತಿತು, ಬೀಜಗಣಿತದ ತರಗತಿ ಹೋಯಿತು, ಮಿಡ್ಲ್ ಸ್ಕೂಲಿನಲ್ಲಿ ಕೈಕಸುಬು ಕಲಿಸಲು ಕಳಿಸಿದರು. ಮರುವರ್ಷ ಆ ತಂಡದ ಕೆಲವು ಹುಡುಗರು ಬಂದೂಕು ತೋರಿಸಿ ದರೋಡೆ ಮಾಡಿ ಸಿಕ್ಕಿಬಿದ್ದು ಜೈಲಿಗೆ ಹೋದರು. ಫುಟ್‌ಬಾಲ್ ಅವರನ್ನು ಕಳ್ಳರನ್ನಾಗಿಸಿತು ಎನ್ನುವುದು ಅನ್ಯಾಯ. ಹಾಗೆ ನಾನು ಹೇಳಲಾರೆ. ಏನು ಮಾಡಿದರೂ ನಡೆಯುತ್ತದೆ, ಹಿರಿಯರು ಸರಿಪಡಿಸುತ್ತಾರೆ ಎಂಬ ಪಾಠವನ್ನು ಆ ನವೆಂಬರ್, ಡಿಸೆಂಬರ್ ವಾರಗಳಲ್ಲಿ ಅವರಿಗೆ ಊರೇ ಕಲಿಸಿತ್ತು ಎಂದಷ್ಟೇ ಹೇಳುತ್ತೇನೆ.

ದುಡ್ಡಿನ ಮಾತಿಗೆ ಬರೋಣ. ಇಲ್ಲಿ ಟೀಕಾಕಾರರೂ ಹಗುರವಾಗಿ ಮಾತಾಡುತ್ತಾರೆ. ಡಲ್ಲಾಸಿನ ಉತ್ತರಕ್ಕಿರುವ ಆಲೆನ್ ಎಂಬ ಊರು ಆರು ಕೋಟಿ ಡಾಲರ್ ಸುರಿದು 18 ಸಾವಿರ ಆಸನದ ಹೈಸ್ಕೂಲ್ ಸ್ಟೇಡಿಯಂ ಕಟ್ಟಿತು. 2012ರಲ್ಲಿ ಬಾಗಿಲು ತೆರೆದದ್ದು 2014ರಲ್ಲಿ ಕಾಂಕ್ರೀಟ್ ಬಿರುಕುಬಿಟ್ಟು ಮುಚ್ಚಿತು, 2015ರಲ್ಲಿ ಮತ್ತೆ ತೆರೆಯಿತು. ‘ಆ ದುಡ್ಡಿನಲ್ಲಿ ಎಷ್ಟು ಮೇಷ್ಟ್ರಿಗೆ ಸಂಬಳ ಕೊಡಬಹುದಿತ್ತು’ ಎಂದು ದೇಶವೆಲ್ಲ ಲೇವಡಿ ಮಾಡಿತು. ಆ ಲೇವಡಿ ತಪ್ಪು. ಟೆಕ್ಸಸ್ಸಿನ ಕಾನೂನಿನಲ್ಲಿ ಕಟ್ಟಡಕ್ಕೆಂದು ಸಾಲಪತ್ರದಿಂದ ಎತ್ತಿದ ಹಣವನ್ನು ಸಂಬಳಕ್ಕೆ ಬಳಸುವಂತಿಲ್ಲ. ಊರಿನವರು ಮತ ಹಾಕಿ ಒಪ್ಪಿದರು, ತಮ್ಮ ಮನೆ ತೆರಿಗೆಯಿಂದ ತೀರಿಸುತ್ತಿದ್ದಾರೆ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಪರ್ಮಿಯನ್ ಶಾಲೆಯಲ್ಲಿ 1988ರ ಆ ವರ್ಷ ಇಂಗ್ಲಿಷ್ ವಿಭಾಗದ ಬೋಧನಾ ಸಾಮಗ್ರಿಗೆ ಸಿಕ್ಕಿದ್ದು 5,040 ಡಾಲರ್, ಹುಡುಗರ ಆಟದ ಗಾಯಕ್ಕೆ ಬೇಕಾದ ಔಷಧೋಪಚಾರ ಸಾಮಗ್ರಿಗೆ 6,750 ಡಾಲರ್, ದೂರದ ಪಂದ್ಯಗಳಿಗೆ ಜೆಟ್ ವಿಮಾನ ಬಾಡಿಗೆಗೆ 70 ಸಾವಿರ ಡಾಲರ್ ಎಂದು ಬಿಸಿಂಜರ್ ಲೆಕ್ಕ ಕೊಡುತ್ತಾರೆ. ಇದು ಸಾಲಪತ್ರದ ಕಟ್ಟಳೆಯಿಂದ ಆದದ್ದಲ್ಲ. ಇಂಗ್ಲಿಷ್ ಪುಸ್ತಕಕ್ಕಾಗಿ ಯಾರೂ ರಾತ್ರಿಯಿಡೀ ಟಿಕೆಟ್ ಸಾಲಿನಲ್ಲಿ ಕಾಯುವುದಿಲ್ಲ ಎಂಬುದರಿಂದ ಆದದ್ದು.

ಇದಕ್ಕೆ ಬುದ್ಧಿವಂತರ ಉತ್ತರವೊಂದಿದೆ. ಫುಟ್‌ಬಾಲ್ ಇರುವುದರಿಂದಲೇ ಮಕ್ಕಳಿಲ್ಲದ ಮುದುಕರೂ ಶಾಲೆಯ ತೆರಿಗೆಗೆ ಒಪ್ಪುತ್ತಾರೆ, ತಂಡ ಗೆದ್ದರೆ ಶಾಲೆಗೇ ಲಾಭ ಎಂದು. ಮ್ಯಾಸಿಲನ್‌ನ ಆ ಸಾಕ್ಷ್ಯಚಿತ್ರದಲ್ಲಿ ಇದು ಕಣ್ಣಮುಂದೆಯೇ ನಡೆಯುತ್ತದೆ: 1999ರ ಸೀಸನ್ ಒಂದು ಕಡೆ, ಶಾಲೆಯನ್ನು ಉಳಿಸಿಕೊಳ್ಳಲು ಬೇಕಾದ ತೆರಿಗೆಯ ಮತದಾನ ಇನ್ನೊಂದು ಕಡೆ. ಈ ಉತ್ತರ ಕೊಡುವವರಿಗೆ ತಾವೇನು ಒಪ್ಪಿಕೊಳ್ಳುತ್ತಿದ್ದೇವೆಂದು ಅರಿವಿದೆಯೇ? ಒಂದನೇ ತರಗತಿಯ ಮಗುವಿಗೆ ಮೇಷ್ಟ್ರು ಸಿಗುತ್ತಾರೋ ಇಲ್ಲವೋ ಎಂಬುದು ಹದಿನೇಳರ ಹುಡುಗ ಕ್ಯಾಂಟನ್ ಮೆಕಿನ್ಲಿ ಶಾಲೆಯ ಎದುರು ಚೆಂಡನ್ನು ಸರಿಯಾಗಿ ಎಸೆಯುತ್ತಾನೋ ಇಲ್ಲವೋ ಎಂಬುದರ ಮೇಲೆ ನಿಂತಿದೆ ಎಂದು. ಕ್ಯಾಂಟನ್ ಮತ್ತು ಮ್ಯಾಸಿಲನ್ ಶಾಲೆಗಳ ಜಿದ್ದು 1894ರಿಂದ ನಡೆದಿದೆ. ಊರಿನ ಅರ್ಧದಷ್ಟು ಜನರನ್ನು ಹಿಡಿಸುವ ಸ್ಟೇಡಿಯಂ ಮ್ಯಾಸಿಲನ್‌ನಲ್ಲಿದೆ. ಒಹಾಯೊದಲ್ಲಿ 1972ರಲ್ಲಿ ಪ್ಲೇಆಫ್ ಪದ್ಧತಿ ಶುರುವಾದ ಮೇಲೆ ಆ ಊರಿಗೆ ಮೊದಲ ರಾಜ್ಯ ಪಟ್ಟ ಬಂದದ್ದು 2023ರಲ್ಲಿ, ಅದೂ 7–2ರ ಜಿಪುಣ ಅಂಕದಲ್ಲಿ. ನಡುವಿನ ಐವತ್ತು ವರ್ಷ ಸೋತುಬಂದ ಹುಡುಗರೆಲ್ಲ ಊರಿಗೆ ಬಾಕಿ ಉಳಿಸಿಕೊಂಡವರೇ? ಊರು ಹಾಗೆ ನೆನಪಿಟ್ಟುಕೊಂಡಿದೆ ಎಂಬುದೇ ನನ್ನ ದೂರು.

ಈಗ ಅಂಕಗಣಿತ. ಟೆಕ್ಸಸ್ಸಿನ ದೊಡ್ಡ ಶಾಲೆಗಳ ವಿಭಾಗದಲ್ಲಿ 1988ರಲ್ಲಿ ಜಿಲ್ಲೆಗೆ ಎರಡು ತಂಡ ಪ್ಲೇಆಫ್‌ಗೆ ಹೋಗುತ್ತಿದ್ದವು, ಈಗ ನಾಲ್ಕು. ಮಾಮೂಲಿ ಸೀಸನ್‌ನಲ್ಲಿ ಹತ್ತು ಆಟ, ಫೈನಲ್ ತಲುಪಿದರೆ ಪ್ಲೇಆಫ್‌ನದ್ದೇ ಇನ್ನೂ ಆರು. ಒಟ್ಟು ಹದಿನಾರು. ಕೋಟಿಗಟ್ಟಲೆ ಸಂಬಳ ಎಣಿಸುವ ವೃತ್ತಿಪರ ಎನ್‌ಎಫ್‌ಎಲ್ ತಂಡಗಳು ಮಾಮೂಲಿ ಸೀಸನ್‌ನಲ್ಲಿ ಆಡುವುದು ಹದಿನೇಳು. ಮೀಸೆ ಸರಿಯಾಗಿ ಮೂಡದ ಹುಡುಗರು ಅದಕ್ಕಿಂತ ಒಂದೇ ಒಂದು ಕಡಿಮೆ ಆಡುತ್ತಾರೆ, ಅದೂ ಡಿಸೆಂಬರ್ ಪರೀಕ್ಷೆಯ ನಡುವೆ. ಇದು ಯಾರ ಅನುಕೂಲಕ್ಕೆ ಬೆಳೆಯಿತು? ಇನ್ನೊಂದು ವಾರ ಕಾಯುವ ಸುಖ, ಇನ್ನೊಂದು ಮೆರವಣಿಗೆ, ಇನ್ನೊಂದು ಗೇಟಿನ ದುಡ್ಡು. 2013ರ ಫೈನಲ್‌ನಲ್ಲಿ ಆಲೆನ್ ಮತ್ತು ಪೇರ್‌ಲ್ಯಾಂಡ್ ಶಾಲೆಗಳ ಆಟ ನೋಡಲು ಆರ್ಲಿಂಗ್ಟನ್ನಿನ ವೃತ್ತಿಪರ ಸ್ಟೇಡಿಯಂಗೆ 54 ಸಾವಿರಕ್ಕೂ ಹೆಚ್ಚು ಜನ ಬಂದರು. ಈ ಪಂದ್ಯಗಳನ್ನು ನಡೆಸುವ ಯೂನಿವರ್ಸಿಟಿ ಇಂಟರ್‌ಸ್ಕೊಲಾಸ್ಟಿಕ್ ಲೀಗ್ ಶುರುವಾದದ್ದು 1910ರ ಸುಮಾರಿಗೆ, ಚರ್ಚಾಸ್ಪರ್ಧೆಗಳಿಗಾಗಿ. ಇಂದಿಗೂ ಅದು ಚರ್ಚೆ, ನಾಟಕ, ಗಣಿತ, ಕಾಗುಣಿತ ಸ್ಪರ್ಧೆಗಳನ್ನು ನಡೆಸುತ್ತದೆ. ‘ಮಕ್ಕಳಿಗೋಸ್ಕರ’ ಬರುವ ಜನ ಅಲ್ಲಿಗೂ ಬರಬಹುದಲ್ಲ. ಅಲ್ಲಿ ಖಾಲಿ ಕುರ್ಚಿಗಳಿಗೆ ಬರವಿಲ್ಲ.

ಆಟ ಹೆಚ್ಚಿದಷ್ಟೂ ತಲೆಗೆ ಬೀಳುವ ಪೆಟ್ಟೂ ಹೆಚ್ಚು. ಬಾಸ್ಟನ್ ವಿಶ್ವವಿದ್ಯಾಲಯದ ಆನ್ ಮೆಕ್ಕೀ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀರಿಹೋದ 202 ಫುಟ್‌ಬಾಲ್ ಆಟಗಾರರ ಮಿದುಳುಗಳಲ್ಲಿ 177ರಲ್ಲಿ ಸಿಟಿಇ ಎಂಬ ಮಿದುಳು ಸವೆತದ ಕುರುಹು ಸಿಕ್ಕಿತು. ಎನ್‌ಎಫ್‌ಎಲ್ ಆಡಿದವರ 111 ಮಿದುಳುಗಳಲ್ಲಿ 110. ಹೈಸ್ಕೂಲಿಗಿಂತ ಮುಂದೆ ಆಡದಿದ್ದವರು ಹದಿನಾಲ್ಕು ಜನ, ಅವರಲ್ಲಿ ಮೂವರು. ಇವು ರೋಗಲಕ್ಷಣ ಕಂಡ ಮನೆಯವರೇ ಹೆಚ್ಚಾಗಿ ದಾನ ಕೊಟ್ಟ ಮಿದುಳುಗಳು. ಆಡಿದವರೆಲ್ಲರಿಗೂ ಇದೇ ಗತಿ ಎನ್ನಲು ಬರುವುದಿಲ್ಲ. ಹೈಸ್ಕೂಲ್ ಆಟಗಾರನ ಅಪಾಯ ಕಡಿಮೆಯೇ ಇರಬಹುದು. ಆದರೆ ಆ ಹುಡುಗನಿಗೆ ಇದರಿಂದ ಸಿಗುವುದೇನು? ನೂರಕ್ಕೆ ಸುಮಾರು ಏಳು ಜನ ಮಾತ್ರ ಕಾಲೇಜು ತಂಡದಲ್ಲಿ ಆಡುತ್ತಾರೆ. ಉಳಿದ ತೊಂಬತ್ತಮೂರು ಜನಕ್ಕೆ ಹೈಸ್ಕೂಲಿನ ಕೊನೆಯ ಆಟವೇ ಜೀವನದ ಕೊನೆಯ ಆಟ. ಅವರಲ್ಲಿ ಹಲವರು ಅದೇ ಊರಿನ ಗ್ಯಾಲರಿಗೆ ಬಂದು ಕೂರುತ್ತಾರೆ, ತಮಗೆ ಸಿಗದ ಗೆಲುವನ್ನು ಮುಂದಿನ ತಂಡದ ಹುಡುಗರಿಂದ ವಸೂಲಿ ಮಾಡಲು. ಈ ಸರಪಳಿಗೆ ಪರಂಪರೆ ಎಂಬ ಹೆಸರಿದೆ.

ಇಷ್ಟೆಲ್ಲ ಓದಿ ‘ನಮ್ಮ ಮಕ್ಕಳು ಇದನ್ನೆಲ್ಲ ಆಡುವುದಿಲ್ಲ ಬಿಡಿ’ ಎಂದು ನಿಟ್ಟುಸಿರು ಬಿಡುವ ಕನ್ನಡ ಮನೆಗಳು ಡಲ್ಲಾಸಿನ ಉತ್ತರದ ಬಡಾವಣೆಗಳಲ್ಲಿ ಕಡಿಮೆಯಿಲ್ಲ. ಆಲೆನ್, ಫ್ರಿಸ್ಕೊ, ಪ್ಲೇನೊ ಕಡೆ ಭಾರತೀಯರ ಮಕ್ಕಳು ಶುಕ್ರವಾರ ರಾತ್ರಿ ಮೈದಾನದಲ್ಲಿರುವುದು ಹೆಚ್ಚಾಗಿ ಬ್ಯಾಂಡ್ ತಂಡದಲ್ಲಿ, ಕ್ಲಾರಿನೆಟ್ ಹಿಡಿದು. ಅಪ್ಪ ಅಮ್ಮ ಮಡಿಚುವ ಕುರ್ಚಿ ತಂದು ಕೂತು, ಬ್ಯಾಂಡು ಮುಗಿದ ಮೇಲೆ ಎದ್ದುಹೋಗುತ್ತಾರೆ. ಅವರ ಈ ನೆಮ್ಮದಿಯನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಮಕ್ಕಳ ಸ್ಕ್ರಿಪ್ಸ್ ಕಾಗುಣಿತ ಸ್ಪರ್ಧೆಯನ್ನು 2008ರಿಂದ ಹನ್ನೊಂದು ವರ್ಷ ಬಿಡದೆ ಗೆದ್ದವರು ಭಾರತೀಯ ಮೂಲದ ಮಕ್ಕಳು. ಹನ್ನೆರಡು ಹದಿಮೂರರ ಮಗು ಟಿವಿ ಕ್ಯಾಮೆರಾ ಮುಂದೆ ತಡವರಿಸುವಾಗ ಸಭೆಯಲ್ಲಿ ಕೂತವರ ಮುಖದಲ್ಲಿ ಇರುವುದು ಒಡೆಸ್ಸಾದ ಗ್ಯಾಲರಿಯಲ್ಲಿ ಇದ್ದದ್ದೇ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಮ್ಮ ಊರುಗಳಲ್ಲಿ ಏಳುವ ಫ್ಲೆಕ್ಸುಗಳ ಮೇಲೂ ಮಗುವಿನ ಫೋಟೊಗಿಂತ ಟ್ಯುಟೋರಿಯಲ್ ಹೆಸರು ದೊಡ್ಡದಾಗಿರುತ್ತದೆ. ವ್ಯತ್ಯಾಸ ಒಂದೇ: ಕಾಗುಣಿತ ತಪ್ಪಿದ ಮಗು ಸೋಲಲಿ ಎಂದು ಹಾರೈಸುವ ಪಕ್ಕದೂರು ಇರುವುದಿಲ್ಲ. ಪ್ಲೇಆಫ್‌ನ ಹುಡುಗನಿಗೆ ಅದೂ ಇದೆ.

ಹಾಗಾದರೆ ನಿಲ್ಲಿಸಬೇಕೇ? ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ಟೆಕ್ಸಸ್ ಕೇಳುವುದಿಲ್ಲ. ಆದರೆ ಮಕ್ಕಳಿಗೋಸ್ಕರ ಎನ್ನುವವರಿಗೆ ಪರೀಕ್ಷೆಯೊಂದನ್ನು ಒಡ್ಡಬಹುದು. ಜಿಲ್ಲೆಗೆ ನಾಲ್ಕರ ಬದಲು ಒಂದೇ ತಂಡ ಪ್ಲೇಆಫ್‌ಗೆ ಹೋಗಲಿ, ಒಟ್ಟು ಆಟ ಹನ್ನೆರಡಕ್ಕೆ ನಿಲ್ಲಲಿ, ರಾಜ್ಯಮಟ್ಟದ ಫೈನಲ್ ಬದಲು ಪ್ರಾಂತ್ಯದ ಪಟ್ಟಕ್ಕೇ ಸೀಸನ್ ಮುಗಿಯಲಿ. ಜಿದ್ದಿನ ಆಟಗಳು ಇರಲಿ. ಪಕ್ಕದೂರಿನ ಹುಡುಗರ ಎದುರು ಆಡುವ ಹುರುಪನ್ನು ಹುಡುಗರಿಂದ ಕಸಿಯುವುದು ಬೇಡ. ಹದಿನೆಂಟು ತುಂಬದವರ ಆಟದ ಟಿವಿ ಹಕ್ಕು ಮಾರುವುದು ಬೇಡ. ಬೂಸ್ಟರ್ ಕ್ಲಬ್ ಎತ್ತುವ ದುಡ್ಡು ಶಾಲೆಯ ಖಜಾನೆಗೆ ಹೋಗಿ, ಎಲ್ಲ ವಿಭಾಗಗಳಿಗೂ ಹಂಚಿಕೆಯಾಗಲಿ. ಫೇಲಾದವರ ಆರು ವಾರದ ನಿಯಮ ಮತ್ತೆ ಬರಲಿ. ಇದರಲ್ಲಿ ಯಾವುದೂ ಒಬ್ಬ ಹುಡುಗನಿಂದಲೂ ಆಟವನ್ನು ಕಿತ್ತುಕೊಳ್ಳುವುದಿಲ್ಲ. ಸಂಜೆಯ ಅಭ್ಯಾಸ, ಗೆಳೆಯರ ಜೊತೆಗಿನ ಬಸ್ ಪ್ರಯಾಣ, ಗೆದ್ದಾಗಿನ ಕೂಗು ಎಲ್ಲ ಅವನಿಗೆ ಉಳಿಯುತ್ತವೆ. ಕಡಿಮೆಯಾಗುವುದು ನವೆಂಬರ್, ಡಿಸೆಂಬರಿನ ಶುಕ್ರವಾರಗಳು, ಅವುಗಳಿಗಾಗಿ ಕಾಯುವ ಹಿರಿಯರ ಸಂಭ್ರಮ.

ಈ ಪಟ್ಟಿಯನ್ನು ಯಾವುದಾದರೂ ಶಾಲಾ ಮಂಡಳಿಯ ಸಭೆಯಲ್ಲಿ ಓದಿದರೆ ಮೊದಲು ಎದ್ದು ಕೂಗುವವರು ಯಾರಾಗಿರಬಹುದು? ಹುಡುಗರಂತೂ ಅಲ್ಲ. ಮಂಗಳವಾರ ಸಂಜೆ ಸಭೆ ನಡೆಯುವ ಹೊತ್ತಿಗೆ ಅವರು ಅಭ್ಯಾಸದಲ್ಲಿರುತ್ತಾರೆ, ಮರುದಿನದ ಬೀಜಗಣಿತದ ಟೆಸ್ಟಿಗೆ ಇನ್ನೂ ಓದಿರುವುದಿಲ್ಲ.